12 ಕಲ್ಲು, 5 ತಿಂಗಳು: ಐಸೋಟೋಪ್ ಲ್ಯಾಬಿನ ಅನುಭವ

ಪಿಎಚ್‌ಡಿ ಕೆಲಸಕ್ಕೆ ದಖ್ಖನ್ ಬಸಾಲ್ಟಿನ (ಲಾವಾ ಆರಿ ಆದ ಕಪ್ಪು ಕಲ್ಲು) 12 ಸ್ಯಾಂಪಲ್‌ಗಳನ್ನು ದುಡ್ಡು ಕಟ್ಟಿ ಒಂದು ಲ್ಯಾಬಿಗೆ ಕಳಿಸಿದ್ದೆ, ಅದರಲ್ಲಿರೋ ಸ್ಟ್ರಾನ್ಷಿಯಂ ಧಾತುವಿನ ಐಸೋಟೋಪ್‌ಗಳನ್ನು, ಅಂದ್ರೆ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆಸೋಕೆ. ಹೆಸರು ಬೇಡ. 6 ವಾರ ಅಂದಿದ್ದರು, ರಿಪೋರ್ಟ್ ಬಂದಾಗ 5 ತಿಂಗಳು ಕಳೆದಿತ್ತು.

ಮೊದಲು ಒಳ್ಳೇದು ಹೇಳುತ್ತೇನೆ. ಪುಡಿ ಮಾಡೋ ಮುಂಚೆ ಅಲ್ಲಿನ ಟೆಕ್ನಿಷಿಯನ್ ಫೋನ್ ಮಾಡಿದರು. "ಮೇಡಂ, ಇದರಲ್ಲಿ ಬಿಳಿ ಚುಕ್ಕಿ ಜಾಸ್ತಿ ಇದೆ, ಆರಿಸಿ ತೆಗೀಲಾ?" ಜಿಯೋಲೈಟ್ ಅನ್ನೋ ಖನಿಜ ಅದು. ಲಾವಾ ಆರಿದ ಮೇಲೆ ಗುಳ್ಳೆಗಳ ತೂತಲ್ಲಿ ನೀರಿನಿಂದ ಬೆಳೆದದ್ದು, ಅದರ ಸ್ಟ್ರಾನ್ಷಿಯಂ ಬೇರೆ ಕಡೆಯದೂ ಆಗಿರಬಹುದು. ಇಷ್ಟು ಕಾಳಜಿ ಎಲ್ಲರಿಗೂ ಇರಲ್ಲ.

ಈಗ ಜಗಳದ ವಿಷಯ. ಅಂಬೇನಳಿ ಘಾಟಿನ ನನ್ನ ಎ-4 ಕಲ್ಲಿಗೆ ಸ್ಟ್ರಾನ್ಷಿಯಂ 87/86 ಅನುಪಾತ, ಅಂದ್ರೆ ಸ್ಟ್ರಾನ್ಷಿಯಂ-86ಕ್ಕೆ ಹೋಲಿಸಿದರೆ ಸ್ಟ್ರಾನ್ಷಿಯಂ-87 ಎಷ್ಟಿದೆ ಅನ್ನೋದು, 0.7149 ಅಂತ ಬಂದಿತ್ತು. ಓದಿ ಕೈಯಲ್ಲಿದ್ದ ಚಹಾ ಆರಿಹೋಯಿತು. ದಖ್ಖನ್ನಿನ ಅಂಬೇನಳಿ ಅನ್ನೋ ಪದರದ ಲಾವಾ ಅಂದ್ರೆ 0.704ರ ಆಸುಪಾಸು ಇರಬೇಕು. ಬಂಡೆ ಕರಗಿದರೂ ಈ ಅನುಪಾತ ಬದಲಾಗಲ್ಲ, ಅದಕ್ಕೇ ಲಾವಾ ನೋಡಿ ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಎಂಥದ್ದು ಅಂತ ಹೇಳೋಕಾಗೋದು. ಆದರೆ ಮೇಲೆ ಬರೋ ದಾರಿಯಲ್ಲಿ ಲಾವಾ ಹಳೇ ಗ್ರಾನೈಟನ್ನು ನುಂಗಿದ್ರೆ ಲೆಕ್ಕ ಕೆಡುತ್ತದೆ. ಅಂಥ ಬಂಡೆಯಲ್ಲಿ ರುಬಿಡಿಯಂ ಜಾಸ್ತಿ, ಅದು ಕೋಟಿಗಟ್ಟಲೆ ವರ್ಷ ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗುತ್ತಾ ಕೂತಿರುತ್ತದೆ. ಬುಶೆ ಅನ್ನೋ ಇನ್ನೊಂದು ಪದರದ ಲಾವಾಗಳ ಅಂಕಿ 0.713ರ ಮೇಲೆ ಹೋಗೋದು ಈ ಕಲಬೆರಕೆಯಿಂದಲೇ.

ಖಂಡಾಲಾ ಘಾಟಿನಿಂದ ತಂದ ನನ್ನ ಬುಶೆ ಕಲ್ಲು, ಕೆ-4, ಅದೇ ರಿಪೋರ್ಟಲ್ಲಿ 0.7041 ತೋರಿಸ್ತಿತ್ತು. ಚೀಟಿ ಅದಲು ಬದಲು ಆಗಿದೆ ಅನ್ನೋಕೆ ಭೂವಿಜ್ಞಾನ ಬೇಕಿಲ್ಲ ಅಲ್ವಾ? ಅವರ ಉತ್ತರ: "ಮಷೀನ್ ಕೊಟ್ಟಿದ್ದು ಅದೇ." ಉಳಿದ ಪುಡಿಯಿಂದ ಮತ್ತೆ ಅಳೆಸೋಕೆ ಇನ್ನೂ 3 ವಾರ. ಅದಲು ಬದಲೇ ಆಗಿತ್ತು.

ಮಷೀನಿನ ಬಗ್ಗೆ ಮಾತ್ರ ತಕರಾರಿಲ್ಲ. ಮಷೀನ್ ಸರಿ ಇದೆಯಾ ಅಂತ ನೋಡೋಕೆ ಅಳೆಯೋ, ಅಂಕಿ ಮೊದಲೇ ಗೊತ್ತಿರೋ ಎನ್‌ಬಿಎಸ್ 987 ಸ್ಟ್ಯಾಂಡರ್ಡ್ 0.71025ರ ಹತ್ತಿರ ಬರಬೇಕು, ಅವರದು 0.710247. ಆದರೆ ಅದನ್ನೂ, ಬ್ಲ್ಯಾಂಕ್ (ಲ್ಯಾಬಿನಿಂದಲೇ ಸೇರಿಕೊಳ್ಳೋ ಸ್ಟ್ರಾನ್ಷಿಯಂ) ಎಷ್ಟಿತ್ತು ಅನ್ನೋದನ್ನೂ ನಾನು 2 ಸಲ ಕೇಳಿದ ಮೇಲೆ ಕೊಟ್ಟರು. ಅವಿಲ್ಲದ ರಿಪೋರ್ಟಿಗೆ ಸುಮ್ನೆ ದುಡ್ಡು ಕಟ್ಟಬೇಡಿ.

5ಕ್ಕೆ 3. ಮುಂದಿನ ಸಲವೂ ಅಲ್ಲಿಗೇ ಕಳಿಸುತ್ತೇನೆ, ಆದರೆ ಒಂದೇ ಕಲ್ಲನ್ನು 2 ಹೆಸರಲ್ಲಿ, ಅವರಿಗೆ ಹೇಳದೆ.