.470 ನೈಟ್ರೋ ಎಕ್ಸ್‌ಪ್ರೆಸ್: ಹನ್ನೊಂದು ವರ್ಷ ಹೆಗಲು ಕೊಟ್ಟ ಮೇಲೆ

ಮೊದಲೇ ಹೇಳಿಬಿಡ್ತೀನಿ, ಇದು ಹೊಸ ರೈಫಲ್ ಬಾಕ್ಸ್ ಬಿಚ್ಚಿ ಎರಡು ಈಡು ಹೊಡೆದು ಬರೆದ ವಿಮರ್ಶೆ ಅಲ್ಲ. .470 ನೈಟ್ರೋ ಎಕ್ಸ್‌ಪ್ರೆಸ್ (ಇಂಥ ಹೆಸರಲ್ಲಿರೋ ಅಂಕಿ ಸುಮಾರಾಗಿ ಗುಂಡಿನ ಅಳತೆ, ಇಂಚಿನಲ್ಲಿ) ಅನ್ನೋ ತೋಟೆಯ ಒಂದು ಡಬಲ್ ರೈಫಲ್ ಅಂದ್ರೆ ಜೋಡಿ ನಳಿಗೆಯ ಕೋವಿ ನನ್ನ ಹತ್ರ ಹನ್ನೊಂದು ವರ್ಷದಿಂದ ಇದೆ. ಪಕ್ಕಪಕ್ಕ ನಳಿಗೆ, ಎರಡು ಟ್ರಿಗರ್, ಖಾಲಿ ಕೇಸನ್ನ ತಾನೇ ಹೊರಗೆ ಎಸೆಯೋ ಎಜೆಕ್ಟರ್, ಖಾಲಿ ಇದ್ದಾಗ ಹತ್ತೂವರೆ ಪೌಂಡು ತೂಕ ಅಂದ್ರೆ 4.8 ಕೆ.ಜಿ. ಹತ್ತಿರ. ಈ ಹನ್ನೊಂದು ವರ್ಷದಲ್ಲಿ ಆರು ಸಲ ಝಿಂಬಾಬ್ವೆಯ ಝಾಂಬೆಜಿ ಕಣಿವೆಗೆ ಹೋಗಿದೀನಿ, ಆರೂ ಸಲ ಕೇಪ್ ಬಫೆಲೋ ಅಂದ್ರೆ ಆಫ್ರಿಕಾದ ಕಾಡೆಮ್ಮೆ ಬೇಟೆಗೇ. ಆನೆ ಹೊಡೆದಿಲ್ಲ, ಹೊಡೆಯೋ ಮನಸ್ಸೂ ಇಲ್ಲ, ಹಾಗಾಗಿ ಆನೆಗೆ ಇದು ಸಾಕಾ ಅಂತ ನನ್ನ ಕೇಳಬೇಡಿ. ಕಾಡಲ್ಲಿ ಹೊಡೆದ ಈಡು ಬೆರಳಲ್ಲಿ ಎಣಿಸಬಹುದು, ರೇಂಜಲ್ಲಿ ಹೊಡೆದದ್ದು ಆರುನೂರು ದಾಟಿದೆ, ನನ್ನ ಮಾತಿನ ತೂಕ ಅಷ್ಟೇ.

ತೋಟೆ ಹೇಗಿದೆ ಅಂದ್ರೆ ಕೈಯಲ್ಲಿ ಹಿಡಿದ್ರೆ ಒಳ್ಳೆ ಪುಟ್ಟ ಫಿರಂಗಿದು ಅನ್ನಿಸತ್ತೆ. ಬರೀ ಹಿತ್ತಾಳೆ ಕೇಸೇ 82.5 ಮಿ.ಮೀ. ಉದ್ದ, ಬುಡದಲ್ಲಿ ಹೊರಚಾಚಿದ ಅಗಲವಾದ ಅಂಚು ಅಂದ್ರೆ ರಿಮ್, 500 ಗ್ರೇನ್ (32 ಗ್ರಾಂ ಹತ್ತಿರ) ಗುಂಡು, ಸೆಕೆಂಡಿಗೆ 2150 ಅಡಿ ವೇಗ. ಈಗಿನ ಕಾಲದವರಿಗೆ ಈ ವೇಗ ಕೇಳಿದ್ರೆ ನಗು ಬರತ್ತೆ, ಜಿಂಕೆ ಹೊಡೆಯೋ ಸಣ್ಣ ರೈಫಲ್ ಕೂಡ ಇದಕ್ಕಿಂತ ಜೋರಾಗಿ ಓಡತ್ತೆ ಅಂತಾರೆ. ಓಡಲಿ ಬಿಡಿ. ಇದನ್ನ ಹೊಡೆಯೋದು ಮೂವತ್ತು ನಲವತ್ತು ಮೀಟರಿಂದ, ಅಲ್ಲಿ ಬೇಕಿರೋದು ಮೂಳೆ ಮುರಿದು ಒಳಗೆ ನೆಟ್ಟಗೆ ಹೋಗೋ ಭಾರ.

ರಿಮ್ ಇರೋದೇ ಇದರ ದೊಡ್ಡ ಗುಣ ಅಂತ ನನಗೆ ಅರ್ಥ ಆಗೋಕೆ ಎರಡು ವರ್ಷ ಬೇಕಾಯ್ತು. ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯೋ ರೈಫಲಿನ ಮ್ಯಾಗಜಿನಲ್ಲಿ (ತೋಟೆ ಪೆಟ್ಟಿಗೆಯಲ್ಲಿ) ರಿಮ್ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ತಾಪತ್ರಯ ಕೊಡತ್ತೆ, ಆದ್ರೆ ಮಡಚೋ ಕೋವಿಯಲ್ಲಿ ಮ್ಯಾಗಜಿನೇ ಇಲ್ವಲ್ಲ. ನಳಿಗೆ ಮಡಚಿದ ತಕ್ಷಣ ಎಕ್ಸ್‌ಟ್ರ್ಯಾಕ್ಟರ್ ರಿಮ್ ಕೆಳಗೆ ಅರ್ಧ ಚಂದ್ರದ ಹಾಗೆ ಅಗಲವಾಗಿ ಕೂತು ಎತ್ತತ್ತೆ, ಜಾರೋ ಪ್ರಶ್ನೆನೇ ಇಲ್ಲ. ರಿಮ್ ಇಲ್ಲದ ತೋಟೆಗೂ ಡಬಲ್ ರೈಫಲ್ ಮಾಡ್ತಾರೆ, ಅದಕ್ಕೆ ಎಕ್ಸ್‌ಟ್ರ್ಯಾಕ್ಟರ್ ಒಳಗೆ ಸಣ್ಣ ಸ್ಪ್ರಿಂಗ್ ಕೊಕ್ಕೆ ಇಡಬೇಕು, ಧೂಳು ಕೂತ್ರೆ ಆ ಕೊಕ್ಕೆ ಕೈ ಕೊಡೋದು ಉಂಟು. ಎದುರಿಗೆ ಗಾಯಗೊಂಡ ಕೋಣ ಇರೋವಾಗ ಒಂದು ಸಣ್ಣ ಸ್ಪ್ರಿಂಗ್ ಮೇಲೆ ಭಾರ ಹಾಕೋ ಧೈರ್ಯ ನನಗಿಲ್ಲ.

ಎರಡನೇ ಗುಣ ಒತ್ತಡ ಕಮ್ಮಿ ಇರೋದು. .375 ಎಚ್ ಆಂಡ್ ಎಚ್, .458 ವಿಂಚೆಸ್ಟರ್ ಮ್ಯಾಗ್ನಮ್ ಇವೆಲ್ಲಕ್ಕೆ ಯುರೋಪಿನ ಸಿ.ಐ.ಪಿ. ಅನ್ನೋ ಕೋವಿ ತೋಟೆಗಳ ಮಾನದಂಡ ಸಂಸ್ಥೆಯ ಒತ್ತಡದ ಮಿತಿ 4300 ಬಾರ್, .470ಕ್ಕೆ 2700 ಅಷ್ಟೇ. ಇದು ಯಾಕೆ ಹೀಗೆ ಅಂದ್ರೆ ಇದು ಹುಟ್ಟಿದ ಕಾಲದಲ್ಲಿ ಮದ್ದು ಕಾರ್ಡೈಟ್, ಬಿಸಿಲಿಗೆ ಬಿಟ್ರೆ ಅದರ ಒತ್ತಡ ಸರ‍್ರನೆ ಏರ್ತಿತ್ತು, ಅದಕ್ಕೆ ದೊಡ್ಡ ಕೇಸು ಕಡಿಮೆ ಒತ್ತಡ ಇಟ್ಟು ಕೈ ಬಿಗಿ ಹಿಡಿದು ಡಿಸೈನ್ ಮಾಡಿದ್ರು. ಈಗ ಕಾರ್ಡೈಟ್ ಇಲ್ಲ ಆದ್ರೆ ಅಕ್ಟೋಬರಿನ ಝಾಂಬೆಜಿ ಬಿಸಿಲು ಹಾಗೇ ಇದೆ, ಮಧ್ಯಾಹ್ನ 40 ಡಿಗ್ರಿ, ನಳಿಗೆ ಮುಟ್ಟಕ್ಕಾಗಲ್ಲ. ಆ ಬಿಸಿಯಲ್ಲೂ ಹೊಡೆದ ಖಾಲಿ ಕೇಸು ಚೇಂಬರಿಗೆ ಅಂಟಿಕೊಂಡಿದ್ದು ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲಾನೂ ಇಲ್ಲ. ಮಡಚಿದ್ರೆ ಟಣ್ ಅಂತ ಹಿಂದಕ್ಕೆ ಹಾರಿಹೋಗತ್ತೆ.

ಇದರ ಹುಟ್ಟಿನ ಕಥೆ ಗೊತ್ತಿದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. 1898ರಲ್ಲಿ ಜಾನ್ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ತಂದಿತ್ತು, ಎಲ್ಲರೂ ಅದನ್ನೇ ಹಿಡಿದಿದ್ರು. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತ ಮತ್ತೆ ಸುಡಾನಿಗೆ .450 ಅಳತೆಯ ತೋಟೆ ತರೋದನ್ನೇ ನಿಷೇಧ ಮಾಡ್ತು, ಯಾಕಂದ್ರೆ ಬ್ರಿಟಿಷ್ ಸೇನೆಯ ಹಳೇ ಮಾರ್ಟಿನಿ ಹೆನ್ರಿ ರೈಫಲಿನ ಅಳತೆಯೂ ಅದೇ, ದಂಗೆ ಏಳೋರ ಕೈಗೆ ಗುಂಡು ಸಿಗತ್ತೆ ಅನ್ನೋ ಭಯ. ಅದಕ್ಕೆ ಲಂಡನ್ನಿನ ಕೋವಿ ತಯಾರಕರೆಲ್ಲ ಬಿದ್ದಂಬೀಳ .465, .475 ಅಂತ ಒಂದೊಂದು ಅಳತೆ ಹಿಡಿದ್ರು. ಬೇರೆಯವರು ಕೆಲವರು ತಮ್ಮದನ್ನ ತಾವೇ ಇಟ್ಕೊಂಡ್ರೆ ಜೋಸೆಫ್ ಲ್ಯಾಂಗ್ ಕಂಪನಿಯ .470 ಯಾರು ಬೇಕಾದ್ರೂ ಮಾಡಬಹುದು ಅಂತ ಬಿಟ್ಟಿದ್ರಿಂದ ಅದೇ ಎಲ್ಲಾ ಕಡೆ ಹಬ್ಬಿತು. 1960ರ ದಶಕದಲ್ಲಿ ತೋಟೆ ಮಾಡ್ತಿದ್ದ ಬ್ರಿಟನ್ನಿನ ಕೈನಾಕ್ ಕಂಪನಿ ಇವುಗಳನ್ನ ನಿಲ್ಲಿಸಿದಾಗ ಎಷ್ಟೋ ರೈಫಲ್ ಗೋಡೆ ಸೇರಿದ್ವು, ಮತ್ತೆ ಜೀವ ಬಂದಾಗ ಮೊದಲ ಸಾಲಲ್ಲಿ ಎದ್ದು ನಿಂತದ್ದು .470. ಇವತ್ತು ಕೊಳ್ಳೋರಿಗೆ ಇದು ಬರೀ ಇತಿಹಾಸ ಅಲ್ಲ, ತೋಟೆ ಸಿಗತ್ತೋ ಇಲ್ವೋ ಅನ್ನೋ ಪ್ರಶ್ನೆ.

ಈಗ ನಾನು ಪೆಟ್ಟು ತಿಂದ ವಿಷಯ. ಡಬಲ್ ರೈಫಲಿನ ಎರಡು ನಳಿಗೆ ನೋಡೋಕೆ ಸಮಾನಾಂತರ, ನಿಜಕ್ಕೂ ಮುಂದೆ ಹೋಗ್ತಾ ಒಂದರ ಕಡೆ ಒಂದು ಸ್ವಲ್ಪ ಬಾಗಿ ಕೂಡಿರತ್ತೆ. ಬಲ ನಳಿಗೆ ಹಾರಿಸಿದಾಗ ಒದೆತಕ್ಕೆ ರೈಫಲ್ ಮೇಲಕ್ಕೂ ಬಲಕ್ಕೂ ತಿರುಗತ್ತೆ, ಗುಂಡು ಇನ್ನೂ ನಳಿಗೆ ಒಳಗೇ ಇರತ್ತೆ, ಆ ತಿರುಗೋದನ್ನೂ ಲೆಕ್ಕ ಹಿಡಿದು ತಯಾರಕ ಹೊಡೆದು ನೋಡಿ ಬೆಸುಗೆ ಸರಿಮಾಡಿ ಮತ್ತೆ ಹೊಡೆದು ಎರಡೂ ಒಂದೇ ಕಡೆ ಬೀಳೋ ಹಾಗೆ ಮಾಡ್ತಾನೆ, ಇದಕ್ಕೇ ರೆಗ್ಯುಲೇಶನ್ ಅನ್ನೋದು. ಅಂದ್ರೆ ಆ ರೈಫಲ್ ಒಂದೇ ಒಂದು ಲೋಡಿಗೆ, ಅಂದ್ರೆ ಗುಂಡು ಮದ್ದಿನ ಒಂದೇ ಜೋಡಣೆಗೆ ತಾಳಿ ಕಟ್ಟಿಸಿಕೊಂಡಿದೆ ಅಂತ ಅರ್ಥ. ನಾನು ಎರಡನೇ ವರ್ಷ ಬುದ್ಧಿವಂತಿಕೆ ಮಾಡಿ, ಅದೇ 500 ಗ್ರೇನ್, ಡಬ್ಬಿ ಮೇಲೆ ಅದೇ 2150, ಏನಾಗತ್ತೆ ಅಂತ ಬೇರೆ ಕಂಪನಿಯ ತೋಟೆ ತಗೊಂಡೆ. 50 ಮೀಟರಲ್ಲಿ ಎರಡು ಬೆರಳಗಲದಲ್ಲಿ ಬೀಳ್ತಿದ್ದ ಜೋಡಿ ಕತ್ತರಿ ಹಾಕ್ತು, ಬಲ ನಳಿಗೆಯದು ಎಡಕ್ಕೆ ಎಡದ್ದು ಬಲಕ್ಕೆ, ಮಧ್ಯ ಐದು ಬೆರಳು. ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಇಟ್ಟು ನೋಡಿದ್ರೆ ನನ್ನ ನಳಿಗೆಯಲ್ಲಿ ಅದು ಅರವತ್ತು ಎಪ್ಪತ್ತು ಅಡಿ ಜಾಸ್ತಿ ಓಡ್ತಿದೆ, ನಳಿಗೆ ತಿರುಗೋ ಮೊದಲೇ ಗುಂಡು ಹೊರಗೆ. ನಿಧಾನದ ಲೋಡ್ ಹಾಕಿದ್ರೆ ಇದರ ಉಲ್ಟಾ, ಬಲದ್ದು ಬಲಕ್ಕೇ ಹೋಗತ್ತೆ, ಮೇಲಕ್ಕೂ ಏರತ್ತೆ. ಅವತ್ತಿಂದ ತಯಾರಕ ಯಾವ ತೋಟೆಯಲ್ಲಿ ರೆಗ್ಯುಲೇಟ್ ಮಾಡಿದ್ನೋ ಅದರ ವೇಗಕ್ಕೇ ನಾನೇ ತೋಟೆ ತುಂಬ್ಕೋತೀನಿ, ಪ್ರತಿ ಹೊಸ ಮದ್ದಿನ ಡಬ್ಬಿಗೂ ಕ್ರೋನೋಗ್ರಾಫ್ ಮುಂದೆ ಹಾಜರಿ ಹಾಕಲೇಬೇಕು. ರೇಂಜಲ್ಲಿ ಒಂದು ಜೋಡಿ ಹೊಡೆದ ಮೇಲೆ ನಳಿಗೆ ಪೂರ್ತಿ ತಣ್ಣಗಾಗೋವರೆಗೆ ಕಾಯಿರಿ, ಬಿಸಿ ನಳಿಗೆಯ ಗುರುತು ಕಾಡಲ್ಲಿ ಉಪಯೋಗಕ್ಕಿಲ್ಲ. ರೈಫಲನ್ನ ಮರಳು ಚೀಲದ ಮೇಲೆ ನೇರ ಇಟ್ಟು ಹೊಡೆಯೋದಂತೂ ಬೇಡವೇ ಬೇಡ, ಕೈಯಲ್ಲಿ ಹಿಡಿದು ನಿಂತು ಕೋಲಿನ ಸ್ಟ್ಯಾಂಡ್ ಮೇಲೆ ಕೈ ಇಟ್ಟು ಹೊಡೀರಿ, ಕಾಡಲ್ಲೂ ಹಾಗೇ ತಾನೇ ಹೊಡೆಯೋದು.

ಗುಂಡಿನ ವಿಷಯಕ್ಕೆ ಬರೋಣ. ನನ್ನ ರೂಢಿ ಬಲ ನಳಿಗೆಗೆ ಸಾಫ್ಟ್ ಅಂದ್ರೆ ತಾಗಿದ ಮೇಲೆ ಅರಳೋ ಗುಂಡು, ಎಡಕ್ಕೆ ಸಾಲಿಡ್ ಅಂದ್ರೆ ಅರಳದೆ ನೆಟ್ಟಗೆ ಹೋಗೋ ಗುಂಡು. ಮೊದಲ ಈಡು ಹಿಂಡಿನ ಮಧ್ಯ ನಿಂತ ಕೋಣಕ್ಕೆ, ಅಲ್ಲಿ ಸಾಲಿಡ್ ಹಾಕಿದ್ರೆ ಆಚೆ ಬದಿಯಿಂದ ಹೊರಬಂದು ಹಿಂದೆ ನಿಂತ ಹೆಣ್ಣು ಬಫೆಲೋಗೆ ತಾಗತ್ತೆ. ಎರಡನೇದು ಓಡ್ತಿರೋ ಪ್ರಾಣಿಯ ಹಿಂಭಾಗದಿಂದ ಮುಂದಿನವರೆಗೆ ಹೋಗಬೇಕು, ಅದಕ್ಕೆ ಸಾಲಿಡ್ಡೇ ಬೇಕು. ಮೂರನೇ ಸಲ ಹೋದಾಗ ಹೀಗೇ ಆಯ್ತು, ಜೆಸ್ ಅಂತಾರೆ ಅಲ್ಲಿ, ಮೈ ಸೀಳೋ ದಟ್ಟ ಪೊದೆ, 35 ಮೀಟರಲ್ಲಿ ಒಂಟಿ ಮುದಿ ಕೋಣ ಭುಜ ತೋರಿಸ್ತು, ಹೊಡೆದೆ, ತಿರುಗ್ತು, ಬೆರಳು ಹಿಂದಿನ ಟ್ರಿಗರಿಗೆ ಜಾರಿ ಎರಡನೇ ಈಡು ಹೋದದ್ದು ನನಗೇ ಸರಿಯಾಗಿ ಗೊತ್ತಾಗಲಿಲ್ಲ. ಬೋಲ್ಟ್ ಎಳೆಯೋ ಸದ್ದಿಲ್ಲ, ಕೆನ್ನೆ ಎತ್ತೋ ಕೆಲಸ ಇಲ್ಲ. ಸಾಫ್ಟ್ ಗುಂಡು ಆಚೆ ಭುಜದ ಚರ್ಮದ ಕೆಳಗೆ ಅಣಬೆ ಥರ ಅರಳಿ ಸಿಕ್ತು, ಸಾಲಿಡ್ ಎಲ್ಲಿ ಹೋಯ್ತೋ ಸಿಗಲೇ ಇಲ್ಲ. ಆದ್ರೆ ಅದಕ್ಕೂ ಹಿಂದಿನ ಸಲ ಇನ್ನೊಂದು ಕಂಪನಿಯ ಸಾಫ್ಟ್ ಹಾಕಿದ್ದೆ, ಹೆಸರು ಬೇಡ, ಭುಜದ ಮೂಳೆಗೆ ತಾಗಿ ಸೀಸ ಬೇರೆ ತಾಮ್ರ ಬೇರೆ ಆಗಿ ಚೂರಾಗಿತ್ತು. ಆ ಕೋಣದ ಹಿಂದೆ ಮುನ್ನೂರು ಮೀಟರ್ ಪೊದೆಯಲ್ಲಿ ರಕ್ತ ನೋಡ್ಕೊಂಡು ನಡೆದದ್ದು ಈಗಲೂ ಕನಸಲ್ಲಿ ಬರತ್ತೆ. ಸೀಸ ತಾಮ್ರ ಒಂದಕ್ಕೊಂದು ಬೆಸೆದಿರೋ ಗುಂಡನ್ನೇ ತಗೊಳ್ಳಿ. ಮತ್ತೆ ನಿಮ್ಮದು ಅಜ್ಜನ ಕಾಲದ ತೆಳು ನಳಿಗೆ ಇಂಗ್ಲಿಷ್ ರೈಫಲ್ ಆದ್ರೆ ಗಟ್ಟಿ ಒಂದೇ ಲೋಹದ ಸಾಲಿಡ್ ಹಾಕೋ ಮೊದಲು ಒಳ್ಳೆ ಕೋವಿ ರಿಪೇರಿಯವರನ್ನ ಕೇಳಿ, ಒಳಗಿನ ಗೆರೆಗಳು ನಳಿಗೆಯ ಹೊರಗೆ ಮೂಡಿದ ರೈಫಲುಗಳಿವೆ.

ಒದೆತ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಜೋರಿದೆ, ಸುಳ್ಳು ಹೇಳಲ್ಲ. ಆದ್ರೆ ಚುಚ್ಚಲ್ಲ, ಯಾರೋ ದಪ್ಪ ಮನುಷ್ಯ ಭುಜಕ್ಕೆ ಭುಜ ಕೊಟ್ಟು ನೂಕಿದ ಹಾಗೆ ಹಿಂದಕ್ಕೆ ತಳ್ಳತ್ತೆ. ನಿಂತು ಹೊಡೆದ್ರೆ ಮೈ ಹಿಂದೆ ಹೋಗತ್ತೆ, ಪೆಟ್ಟು ಕರಗತ್ತೆ. ಕೂತು ಹೊಡೆದ್ರೆ ಕಣ್ಣಲ್ಲಿ ನಕ್ಷತ್ರ. ನನಗೆ ಭುಜಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ನಡುಬೆರಳು, ಪ್ರತಿ ಈಡಿಗೂ ಟ್ರಿಗರ್ ಗಾರ್ಡಿನ ಹಿಂಬದಿ ಬಂದು ಅದೇ ಗೆಣ್ಣಿಗೆ ಬಡಿಯತ್ತೆ, ಒಂದು ತೆಳು ರಬ್ಬರ್ ಸುತ್ತಿದ ಮೇಲೆ ಸರಿಹೋಯ್ತು. ಒಂದು ಸಲ ರೇಂಜಲ್ಲಿ ಎರಡೂ ನಳಿಗೆ ಒಟ್ಟಿಗೆ ಹಾರಿತು. ಕೋವಿಯ ತಪ್ಪಲ್ಲ, ಮುಂದಿನ ಟ್ರಿಗರ್ ಎಳೆದಾಗ ಹಿಡಿತ ಸಡಿಲ ಇತ್ತು, ಒದೆತಕ್ಕೆ ಅದೇ ಬೆರಳು ಹಿಂದಿನ ಟ್ರಿಗರಿಗೆ ಬಡಿದಿದೆ. ಮೂರು ಹೆಜ್ಜೆ ಹಿಂದೆ ಹೋಗಿ ನಿಂತೆ, ಪಕ್ಕದಲ್ಲಿದ್ದವರು ನಗೋದಾ ಹಿಡ್ಕೊಳ್ಳೋದಾ ಗೊತ್ತಾಗದೆ ನಿಂತಿದ್ರು. ಈಗ ಅಭ್ಯಾಸಕ್ಕೆ ಹೊಸಬರು ಯಾರೇ ಬಂದ್ರೂ ಒಂದೇ ನಳಿಗೆಗೆ ತೋಟೆ ಹಾಕಿ ಕೊಡ್ತೀನಿ.

ಸಣ್ಣ ಕಿರಿಕಿರಿಗಳೂ ಇವೆ. ಚರ್ಮದ ಬೆಲ್ಟಲ್ಲಿ ತೋಟೆ ವಾರಗಟ್ಟಲೆ ಬಿಟ್ರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯತ್ತೆ, ಆಮೇಲೆ ಚೇಂಬರಿಗೆ ಪೂರ್ತಿ ಇಳಿಯಲ್ಲ, ರೈಫಲ್ ಮುಚ್ಚಲ್ಲ, ಇದು ಮನೆಯಲ್ಲಿ ಗೊತ್ತಾದ್ರೆ ಪರವಾಗಿಲ್ಲ ಕಾಡಲ್ಲಿ ಗೊತ್ತಾದ್ರೆ ಕಷ್ಟ. ಸಾಯಂಕಾಲ ಬೆಲ್ಟಿಂದ ತೆಗೆದು ಬಟ್ಟೆಯಲ್ಲಿ ಒರೆಸಿ ಇಡೋದು ನನಗೀಗ ಹಲ್ಲುಜ್ಜೋ ಥರ ಆಗಿದೆ. ನೂರು ಮೀಟರ್ ಆಚೆಗೆ ನನ್ನ ಕೈಲಿ ಇದು ನಂಬಿಕೆಗೆ ಬರಲ್ಲ, ತೆರೆದ ಬಯಲಲ್ಲಿ ಬೇಟೆ ಆಡೋರು .375 ಬೋಲ್ಟ್ ತಗೊಂಡು ಸುಖವಾಗಿರಿ. ವಿಮಾನದಲ್ಲಿ ಒಬ್ಬರಿಗೆ ತೋಟೆ ಮಿತಿ 5 ಕೆ.ಜಿ., ನಾನು ನಲವತ್ತು ಒಯ್ತೀನಿ, ಹೆಚ್ಚುಕಮ್ಮಿ ಎಲ್ಲಾ ವಾಪಸ್ ತರ್ತೀನಿ.

ಮತ್ತೆ ಕೊಳ್ಳೋದಾದ್ರೆ ಇದೇ ತಗೋತೀಯಾ ಅಂತ ಕೇಳಿದ್ರೆ ನಿಜ ಹೇಳ್ತೀನಿ, ಬರೀ ಬಫೆಲೋ ಆದ್ರೆ .450/400 ಅನ್ನೋ ಮೂರು ಇಂಚಿನ ಕೇಸಿನ ತೋಟೆಯದ್ದು ನೋಡ್ತಿದ್ದೆ. 1902ರಲ್ಲಿ ಜೆಫ್ರಿ ಕಂಪನಿ ತಂದದ್ದು, ಅದಕ್ಕೂ ರಿಮ್ ಇದೆ ಅದೂ ಕಡಿಮೆ ಒತ್ತಡ, 400 ಗ್ರೇನ್ ಗುಂಡು, ಜಿಮ್ ಕಾರ್ಬೆಟ್ ನರಭಕ್ಷಕಗಳ ಹಿಂದೆ ಹೋಗುವಾಗ ಹಿಡೀತಿದ್ದ ರೈಫಲುಗಳಲ್ಲಿ .450/400 ಡಬಲ್ ರೈಫಲೂ ಒಂದು. ಝಿಂಬಾಬ್ವೆಯಲ್ಲಿ ಬಫೆಲೋಗೆ ಕನಿಷ್ಠ 9.2 ಮಿ.ಮೀ. ವ್ಯಾಸ, 5.3 ಕಿಲೋಜೌಲ್ ಶಕ್ತಿ ಬೇಕು, .450/400 ಆ ಗೆರೆಯನ್ನ ಹೇಗೋ ದಾಟತ್ತೆ, .470 ಏಳರ ಹತ್ತಿರ ಇದೆ. ಒದೆತ ಎಷ್ಟೋ ವಾಸಿ, ರೈಫಲೂ ಹಗುರ ಮಾಡಬಹುದು. ನನ್ನ ಭುಜಕ್ಕೂ ವಯಸ್ಸಾಗ್ತಿದೆ. ಆದ್ರೂ ಕಳೆದ ವರ್ಷ ಒಬ್ಬರು ಬಂದು ಅದಲು ಬದಲು ಮಾಡ್ಕೊಳ್ಳೋಣ್ವಾ ಅಂತ ಅವರ .450/400 ಕೈಗೆ ಕೊಟ್ಟಾಗ, ಹೊಡೆದು ನೋಡಿ, ತುಂಬಾ ಚೆನ್ನಾಗಿದೆ ಅಂತ ಹೇಳಿ, ಒರೆಸಿ ವಾಪಸ್ ಕೊಟ್ಟೆ.