ಆಟದ ರಾತ್ರಿಗೆ ಯಾವುದು: ಗ್ವಾರಾನಾ, ತೋಟದ ಕಾಫಿ, ಕಷಾಯ?

ರಾತ್ರಿಯಿಡೀ ಯಕ್ಷಗಾನದ ಆಟ ನೋಡುವ ಚಟ ನನಗೆ ಸಣ್ಣವನಿದ್ದಾಗಿನಿಂದ ಇದೆ. ಈಗ ಒಂದೇ ತಾಪತ್ರಯ, ಎರಡು ಗಂಟೆ ದಾಟಿದರೆ ಕಣ್ಣು ಎಳೆಯುತ್ತದೆ. ಮೊದಲೆಲ್ಲ ಕವಳ, ಅಂದರೆ ಎಲೆಯಡಿಕೆ, ಹಾಕಿಕೊಂಡು ಕೂರುತ್ತಿದ್ದೆ. ಅಡಿಕೆ ಬೆಳೆಯುವವನು ಹೇಳಬಾರದು, ಆದರೂ ವಸಡಿನ ಗತಿ ನೋಡಿ ಡಾಕ್ಟರು ಬೈದ ಮೇಲೆ ಬಿಟ್ಟೆ. ಅದಕ್ಕೇ ಕಳೆದ ಸೀಸನ್ನಿನಲ್ಲಿ ಮೂರು ಆಟಕ್ಕೆ ಮೂರು ಬಗೆಯ ಕುಡಿತ ಮಾಡಿದೆ. ಆ ಕುಡಿತ ಅಲ್ಲ ಮತ್ತೆ!

ಮೊದಲ ರಾತ್ರಿ ಗ್ವಾರಾನಾ. ಆನ್‌ಲೈನಿನಲ್ಲಿ ತರಿಸಿದ ಕಂದು ಪುಡಿ. ಗಿಡ ಬ್ರೆಜಿಲಿನ ಅಮೆಜಾನ್ ಕಾಡಿನದು, ಬಳ್ಳಿಯಾಗಿ ಮರಕ್ಕೆ ಹಬ್ಬುತ್ತದೆ. ಕುಲ ನೋಡಿದರೆ ನಮ್ಮ ಅಂಟುವಾಳ, ಲಿಚಿಗಳ ದಾಯಾದಿ. ಕೆಂಪು ಕಾಯಿ ಬಿರಿದರೆ ಒಳಗೆ ಬಿಳಿ ತಿರುಳು, ನಡುವೆ ಕರಿ ಬೀಜ. ಥೇಟ್ ಕಣ್ಣು ಬಿಟ್ಟ ಹಾಗೆ. ಅಲ್ಲಿನ ಸತೆರೆ-ಮಾವೆ ಜನ ಸತ್ತ ಮಗುವಿನ ಕಣ್ಣನ್ನು ಹುಗಿದಲ್ಲಿ ಈ ಗಿಡ ಹುಟ್ಟಿತು ಅಂತ ಕಥೆ ಹೇಳುತ್ತಾರೆ. ನಿದ್ದೆಗೆಡಿಸುವ ಬೀಜಕ್ಕೆ ಕಣ್ಣಿನ ಕಥೆ, ಸರಿಯಾಗಿದೆ ಅಲ್ವಾ?

ಅವರು ಮಾಡುವ ರೀತಿ ಕೇಳಿದರೆ ನಮ್ಮ ಅಡಿಕೆ ಮನೆಯ ಕೆಲಸವೇ ನೆನಪಾಗುತ್ತದೆ. ಬೀಜ ತೊಳೆದು, ಹುರಿದು, ಕುಟ್ಟಿ, ನೀರು ಹಾಕಿ ನಾದುತ್ತಾರೆ. ಅದನ್ನು ಕೋಲಿನ ಹಾಗೆ ಉರುಟು ಮಾಡಿ ಹೊಗೆಯಲ್ಲಿ ಒಣಗಿಸುತ್ತಾರೆ. ಬೇಕಾದಾಗ ಪಿರಾರುಕು ಅನ್ನುವ ದೊಡ್ಡ ಮೀನಿನ ಒಣ ನಾಲಿಗೆಗೆ ತಿಕ್ಕಿ, ಉದುರಿದ ಪುಡಿಯನ್ನು ನೀರಿಗೆ ಕಲಸಿ ಕುಡಿಯುತ್ತಾರೆ. ಆ ನಾಲಿಗೆ ಎಲುಬಿನ ಹಾಗೆ ಗಟ್ಟಿ, ಮೈಯೆಲ್ಲ ಮುಳ್ಳುಮುಳ್ಳು. ಇದನ್ನು ಕುಡಿದು ಬೇಟೆಗೆ ಹೋದವರಿಗೆ ಹಸಿವೇ ಆಗುವುದಿಲ್ಲ ಅಂತ ಬೆಟೆಂಡಾರ್ಫ್ ಎಂಬ ಪಾದ್ರಿ ಹದಿನೇಳನೇ ಶತಮಾನದಲ್ಲೇ ಬರೆದಿಟ್ಟ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರೆಜಿಲಿನಲ್ಲಿ ಇದರ ಸೋಡಾ ಬಾಟಲಿ ಬಂತು, ಈಗ ಅದು ಅಲ್ಲಿ ಮನೆಮನೆಯ ಪಾನೀಯ.

ನನ್ನ ಕಥೆಗೆ ಬರುತ್ತೇನೆ. ಹತ್ತು ಗಂಟೆಗೆ ಬಿಸಿನೀರಿಗೆ ಒಂದು ಚಮಚ ಹಾಕಿ ಕುಡಿದೆ. ಎಳೆ ಅಡಿಕೆ ಕಚ್ಚಿದ ಹಾಗೆ ಒಗರು, ಆಮೇಲೆ ಕಹಿ, ಲೋಟದ ತಳದಲ್ಲಿ ಕೆಸರು. ಅರ್ಧ ಗಂಟೆ ಕಾದರೂ ಏನೂ ಆಗಲಿಲ್ಲ. ಸುಮ್ನೆ ಇರಬೇಕಿತ್ತು. ಇನ್ನೆರಡು ಚಮಚ ಹಾಕಿದೆ. ಹನ್ನೆರಡಕ್ಕೆ ಚಂಡೆ ರಂಗದ ಮೇಲೋ ನನ್ನ ಎದೆಯೊಳಗೋ ಗೊತ್ತಾಗಲಿಲ್ಲ. ಕೈ ಸಣ್ಣಗೆ ನಡುಗುತ್ತಿತ್ತು. ನಿದ್ದೆ ಬಂದದ್ದು ಮರುದಿನ ಊಟದ ನಂತರ.

ಆಮೇಲೆ ಕೂತು ಲೆಕ್ಕ ಹಾಕಿದೆ. ಗ್ವಾರಾನಾ ಬೀಜದಲ್ಲಿ ಕೆಫೀನ್ ಶೇ. 2ರಿಂದ 6ರವರೆಗೂ ಇರುತ್ತದೆ. ಕಾಫಿ ಬೀಜದ ಎರಡು ಜಾತಿಗಳಲ್ಲಿ, ಅರೇಬಿಕಾದಲ್ಲಿ ಸುಮಾರು ಶೇ. 1.2, ರೋಬಸ್ಟಾದಲ್ಲಿ 2ರ ಆಸುಪಾಸು. ಚಮಚಕ್ಕೆ ಎರಡೂವರೆ ಗ್ರಾಂ ಹಿಡಿದು, ಶೇ. 4 ಅಂದುಕೊಂಡರೂ ನಾನು ಕುಡಿದದ್ದು 300 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ 400 ಮಿತಿ ಅನ್ನುತ್ತಾರೆ. ಸಂಜೆ ಕುಡಿದ ಚಹಾ ಬೇರೆ. ಪ್ಯಾಕೆಟ್ಟಿನ ಮೇಲೆ ‘ನೈಸರ್ಗಿಕ ಶಕ್ತಿ’ ಅಂತ ದಪ್ಪಕ್ಷರದಲ್ಲಿತ್ತು, ಕೆಫೀನ್ ಎಷ್ಟು ಅಂತ ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಜರ್ಮನಿಯ ಔಷಧ ತಜ್ಞ ಮಾರ್ಟಿಯಸ್ 1820ರ ದಶಕದಲ್ಲಿ ಈ ಬೀಜದಿಂದ ತೆಗೆದ ಸತ್ವಕ್ಕೆ ‘ಗ್ವಾರಾನಿನ್’ ಅಂತ ಹೆಸರಿಟ್ಟಿದ್ದ. ಆಮೇಲೆ ನೋಡಿದರೆ ಅದು ಕಾಫಿಯಲ್ಲಿರುವ ಕೆಫೀನೇ! ಆ ಹೊಸ ಹೆಸರಿನ ಮೋಹ ಇನ್ನೂ ಹೋಗಿಲ್ಲ.

ಎರಡನೇ ಆಟ ಸಿದ್ದಾಪುರದ ಕಡೆ. ಫ್ಲಾಸ್ಕಿನಲ್ಲಿ ನಮ್ಮ ತೋಟದ ರೋಬಸ್ಟಾ. ಅಡಿಕೆ ಮರಗಳ ನಡುವೆ ನೆಟ್ಟ ಗಿಡ, ಅಂಗಳದಲ್ಲಿ ಒಣಗಿಸಿದ ಹಣ್ಣು, ಮನೆಯ ಬಾಣಲೆಯಲ್ಲಿ ಸ್ವಲ್ಪ ಜಾಸ್ತಿಯೇ ಹುರಿದ ಬೀಜ. ಬಾಬಾ ಬುಡನ್ ತಂದದ್ದು ಎನ್ನುವ ಅರೇಬಿಕಾದ ಪರಿಮಳ ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ಹಾಲು ಬೆಲ್ಲ ಹಾಕಿದರೂ ಕಾಫಿ ಕಾಫಿಯಾಗೇ ಇರುತ್ತದೆ. ಗಂಟೆಗೊಮ್ಮೆ ಅರ್ಧ ಲೋಟ ಗುಟುಕರಿಸಿದೆ. ಬೆಳಗಿನ ಜಾವ ಕೌರವ ರಂಗಕ್ಕೆ ಬಂದಾಗ ಭಾಗವತರ ಒಂದೊಂದು ಪದವೂ ಕಿವಿಗೆ ಬಿತ್ತು. ಕೈ ನಡುಗಲಿಲ್ಲ.

ಮೂರನೆಯದು ಕುಮಟಾದ ಸೆಕೆಯಲ್ಲಿ, ಕೊತ್ತಂಬರಿ ಜೀರಿಗೆಯ ಕಷಾಯ. ಇದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹೊಟ್ಟೆಗೆ ಹಿತ, ನಾಲಿಗೆಗೆ ಹಿತ. ಒಂದೂವರೆಗೆ ಕುರ್ಚಿಯಲ್ಲೇ ಗೊರಕೆ ಹೊಡೆದೆನಂತೆ.

ಗ್ವಾರಾನಾಗೆ ಅನ್ಯಾಯ ಆಗಬಾರದು ಅಂತ ಮತ್ತೊಂದು ದಿನ ಅರ್ಧ ಚಮಚ ಮಾತ್ರ, ನಿಂಬೆ ಬೆಲ್ಲದ ಪಾನಕಕ್ಕೆ ಹಾಕಿ ಕುಡಿದೆ. ಚೆನ್ನಾಗೇ ಇತ್ತು, ಒಂದು ಲೋಟ ಚಹಾದಷ್ಟು ಚುರುಕು. ಹಾಲು ಮುಟ್ಟದವರಿಗೆ ಆಗಬಹುದು. ಆದರೆ ಅಷ್ಟಕ್ಕೆ ಆ ದುಡ್ಡು ನಾನಂತೂ ಕೊಡುವುದಿಲ್ಲ.

ಉಳಿದ ಪುಡಿ ಶಿರಸಿಯ ಮಳೆಗಾಲಕ್ಕೆ ತಂಡಿ ಹಿಡಿದು ಕಲ್ಲಾಗಿ ಕೂತಿದೆ. ಈಗ ಅದನ್ನು ತಿಕ್ಕಿಯೇ ಕುಡಿಯಬೇಕು. ಮೀನಿನ ನಾಲಿಗೆ ಇಲ್ಲ, ಕಾಯಿ ತುರಿಯುವ ಮಣೆ ಇದೆ. ಅದನ್ನು ಮನೆಯವಳು ಕೊಡುವುದಿಲ್ಲ ಅಂದಿದ್ದಾಳೆ.