ಮೇಂಟೆನೆನ್ಸ್ ಕಡಿಮೆ ಅಂತ ಹಿರಿಯರ ಅಪಾರ್ಟ್‌ಮೆಂಟ್ ಕೊಳ್ಳುವ ಮುಂಚೆ ಇದನ್ನು ಓದಿ

2024ರ ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಬಿ ಬ್ಲಾಕಿನ ಮೂರನೇ ಮಹಡಿಯಿಂದ 81 ವರ್ಷದ ಅಜ್ಜಿಯೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದೆವು. ಒಂದು ಕಡೆ ಸೆಕ್ಯುರಿಟಿ ಹುಡುಗ, ಇನ್ನೊಂದು ಕಡೆ ತೋಟದ ಕೆಲಸದವನು. ಅವರು ಮುಂದಕ್ಕೆ ವಾಲಬಾರದು ಅಂತ ಸೊಂಟಕ್ಕೆ ಟವೆಲ್ ಸುತ್ತಿ ಹಿಂದಿನಿಂದ ನಾನು ಹಿಡಿದಿದ್ದೆ. ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಲಿಫ್ಟ್ ನಿಂತು ಒಂಬತ್ತು ದಿನ ಆಗಿತ್ತು. ರಿಪೇರಿಯವರು ಬಂದಿದ್ದರು, ನೋಡಿದ್ದರು, ಕೊಟೇಶನ್ನೂ ಕೊಟ್ಟಿದ್ದರು. ಆ ಮೊತ್ತ ನಮ್ಮ ಸಂಘದ ಖಾತೆಯಲ್ಲಿ ಇರಲಿಲ್ಲ.

ಯಾರೋ ದುಡ್ಡು ಹೊಡೆದಿರಬೇಕು ಅಂತ ನಿಮಗೆ ಅನಿಸಬಹುದು. ಇಲ್ಲ. ಒಂದು ಪೈಸೆಯೂ ಕಳುವಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ಕನಕಪುರ ರಸ್ತೆ ಕಡೆ. 96 ಮನೆ, 55 ದಾಟಿದವರಿಗೆ ಮಾತ್ರ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಹಾಸಿಗೆ ಪಕ್ಕ ಎಮರ್ಜೆನ್ಸಿ ಗಂಟೆ, ಕೆಳಗೆ ಊಟದ ಹಾಲ್. 2016ರಲ್ಲಿ ನಾನು, ನಮ್ಮ ಮನೆಯವಳು ಇಲ್ಲಿಗೆ ಬಂದೆವು. ಕೊಳ್ಳುವಾಗ ಕಾರ್ಪಸ್, ಅಂದರೆ ಕಟ್ಟಡದ ಮುಂದಿನ ಖರ್ಚಿನ ಇಡುಗಂಟು, ಅಂತ ಚದರ ಅಡಿಗೆ 50 ರೂಪಾಯಿ ಕಟ್ಟಿಸಿಕೊಂಡಿದ್ದರು. ಎಲ್ಲಾ ಮನೆದೂ ಸೇರಿ 45 ಲಕ್ಷದ ಮೇಲೆ. ಮೂರು ವರ್ಷ ಬಿಲ್ಡರೇ ನಡೆಸಿ, 2019ರಲ್ಲಿ ಸಂಘಕ್ಕೆ ವಹಿಸಿಕೊಟ್ಟಾಗ ಕೈಗೆ ಬಂದದ್ದು 29 ಲಕ್ಷ. "ನಡೆಸುವಾಗ ನಷ್ಟ ಆಯ್ತು ಸಾರ್, ಅದನ್ನ ಇದರಲ್ಲಿ ವಜಾ ಹಾಕಿದ್ದೀವಿ" ಅಂದರು. ಆ ನಷ್ಟದ ಲೆಕ್ಕ ಕೊಡಿ ಅಂತ ನಾವು ಗಟ್ಟಿಯಾಗಿ ಕೇಳಲಿಲ್ಲ. ಬಿಲ್ಡರ್ ಕೈಯಿಂದ ಬಿಟ್ಟುಬಂತಲ್ಲ ಅನ್ನೋದೇ ಖುಷಿ. ಬ್ಯಾಂಕಿನಲ್ಲಿ 34 ವರ್ಷ ಬೇರೆಯವರ ಬ್ಯಾಲೆನ್ಸ್ ಶೀಟ್ ನೋಡಿ ಸಾಲ ಕೊಟ್ಟವನು ನಾನು. ನನ್ನ ಮನೆಯ ಶೀಟ್ ಮಾತ್ರ ನೋಡಲಿಲ್ಲ.

ಆಮೇಲಿನ ಕತೆಯಲ್ಲಿ ಬಿಲ್ಡರ್ ಪಾತ್ರವೇ ಇಲ್ಲ. ಎಲ್ಲಾ ನಮ್ಮದೇ.

ನಿವಾಸಿಗಳ ಸಂಘಕ್ಕೆ ಕಟ್ಟುವ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವರ್ಷದ ವಹಿವಾಟೂ 20 ಲಕ್ಷಕ್ಕಿಂತ ಜಾಸ್ತಿ ಇದ್ದರೆ, ಅದಕ್ಕೆ ಶೇ 18 ಜಿಎಸ್‌ಟಿ ಬೀಳುತ್ತದೆ. ನಮ್ಮ ಕಮಿಟಿಗೆ ಈ 7,500 ಲಕ್ಷ್ಮಣರೇಖೆ ಆಗಿಬಿಟ್ಟಿತು. 7,400ಕ್ಕೆ ಏರಿಸಿ ಅಲ್ಲೇ ನಿಲ್ಲಿಸಿದರು. ಖರ್ಚು ನಿಲ್ಲುತ್ತದಾ? ಸೆಕ್ಯುರಿಟಿಯವರ ಸಂಬಳ, ನರ್ಸ್, ಜನರೇಟರ್ ಡೀಸೆಲ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ. 2024ರ ಬೇಸಿಗೆಯಲ್ಲಿ ಎರಡು ಬೋರ್‌ವೆಲ್ಲೂ ಬತ್ತಿದವು. ಆಗ ಬೆಂಗಳೂರಿನ ಜಿಲ್ಲಾಡಳಿತ 5 ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ದರ ಗೊತ್ತು ಮಾಡಿತ್ತು. ಆ ದರಕ್ಕೆ ಬನ್ನಿ ಅಂದರೆ ಟ್ಯಾಂಕರಿನವನು ಫೋನೇ ಎತ್ತುತ್ತಿರಲಿಲ್ಲ. ತಿಂಗಳ ಕೊನೆಗೆ ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಎಫ್‌ಡಿ ಮುರಿದು ತುಂಬಿಸುವುದು ವಾಡಿಕೆಯಾಯಿತು.

ನಮ್ಮ ಖಜಾಂಚಿ ರಿಟೈರ್ಡ್ ಹೆಡ್‌ಮಾಸ್ಟರು, 76 ವರ್ಷ. ನೀಲಿ ರಟ್ಟಿನ ಲೆಡ್ಜರು, ಮುತ್ತಿನಂಥ ಅಕ್ಷರ, ಬಲ್ಬಿನ ಬಿಲ್ಲನ್ನೂ ಗೋಂದು ಹಚ್ಚಿ ಅಂಟಿಸಿರುತ್ತಾರೆ. ವರ್ಷಾ ವರ್ಷಾ ಆಡಿಟ್ ಆಗಿದೆ, ಒಂದು ಆಕ್ಷೇಪಣೆಯೂ ಇಲ್ಲ. ಆಡಿಟರ್ ನೋಡುವುದು ಖರ್ಚಾದ ದುಡ್ಡಿಗೆ ಬಿಲ್ ಇದೆಯಾ ಅಂತ. ಇನ್ನು ಐದು ವರ್ಷಕ್ಕೆ ಲಿಫ್ಟಿಗೆ ಎಷ್ಟು ಬೇಕು ಅಂತ ಹೇಳುವುದು ಅವರ ಕೆಲಸ ಅಲ್ಲವಲ್ಲ.

ಅದನ್ನು ಹೇಳಿದವರು ಒಬ್ಬರಿದ್ದರು. ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು. 2022ರ ಸರ್ವಸದಸ್ಯರ ಸಭೆಗೆ ಒಂದು ಪಟ್ಟಿ ಬರೆದು, ಜೆರಾಕ್ಸ್ ಮಾಡಿಸಿ, ಕುರ್ಚಿಗೊಂದು ಇಟ್ಟಿದ್ದರು. ಲಿಫ್ಟ್, ಜನರೇಟರ್, ಎಸ್‌ಟಿಪಿ ಮೋಟರು, ತಾರಸಿಯ ವಾಟರ್‌ಪ್ರೂಫಿಂಗ್, ಒಂದೊಂದಕ್ಕೂ ಇನ್ನೆಷ್ಟು ವರ್ಷ ಆಯಸ್ಸು, ಆಗ ಎಷ್ಟು ಖರ್ಚು. ಜಿಎಸ್‌ಟಿ ಬಿದ್ದರೆ ಬೀಳಲಿ, ಮನೆಗೆ ತಿಂಗಳಿಗೆ 1,500 ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ಸಿಂಕಿಂಗ್ ಫಂಡಿಗೆ ಹಾಕೋಣ ಅಂದರು. ಅಂದರೆ ವರ್ಷಕ್ಕೆ 17 ಲಕ್ಷದ ಮೇಲೆ. ಕೈ ಎತ್ತಿಸಿದರು. ಬೇಕು ಅಂದವರು 12, ಬೇಡ ಅಂದವರು 41. ಆ 41ರಲ್ಲಿ ನನ್ನ ಕೈಯೂ ಒಂದು. ನಮ್ಮ ಬ್ಯಾಂಕ್ ಪೆನ್ಷನ್‌ನಲ್ಲಿ ತುಟ್ಟಿಭತ್ಯೆ ಏರುತ್ತದೆಯೇ ಹೊರತು ಮೂಲ ಪೆನ್ಷನ್ ಇದ್ದಲ್ಲೇ ಇದೆ. ಸುಮ್ನೆ ಯಾಕೆ ಜಾಸ್ತಿ ಕಟ್ಟೋದು ಅನಿಸಿತ್ತು. ಸಭೆ ಮುಗಿದು ಬೋಂಡಾ ಕೊಟ್ಟಾಗ ಎಣ್ಣೆ ಹೀರಲಿ ಅಂತ ಆ ಪಟ್ಟಿಯನ್ನೇ ಪ್ಲೇಟಿಗೆ ಹಾಸಿಕೊಂಡೆ.

ಕುರ್ಚಿ ಇಳಿಸಿದ ಆ ವಾರ ಖಾತೆಯಲ್ಲಿ ಉಳಿದಿದ್ದು 3 ಲಕ್ಷ 60 ಸಾವಿರ. ಆಗಸ್ಟ್‌ನಲ್ಲಿ ತುರ್ತು ಸಭೆ. ಲಿಫ್ಟ್, ಸೋರುವ ತಾರಸಿ, ಎಸ್‌ಟಿಪಿ ಎಲ್ಲಾ ಸೇರಿ ಮನೆಗೆ 1,35,000 ವಿಶೇಷ ವಂತಿಗೆ, ಮೂರು ಕಂತು.

ಆ ಸಭೆಯಲ್ಲಿ ಕೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಿಲ್ಲ. 84 ವರ್ಷದ ಯಜಮಾನರು ಕೋಲು ಊರಿಕೊಂಡು ಎದ್ದು, "ಹದಿನೈದು ವರ್ಷ ಬರೋ ಲಿಫ್ಟಿಗೆ ನಾನ್ಯಾಕಪ್ಪಾ ದುಡ್ಡು ಕೊಡಲಿ? ನನಗೆ ಮೂರು ವರ್ಷದ್ದು ಸಾಕು" ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮಾಮೂಲಿ ಅಪಾರ್ಟ್‌ಮೆಂಟಿನಲ್ಲಿ 35 ವರ್ಷದವರೂ ಇರುತ್ತಾರೆ, ಸಂಬಳ ಏರುತ್ತಾ ಇರುತ್ತದೆ, ಓಡಾಡಿ ಸಂಘದ ಕೆಲಸ ಮಾಡೋಕೆ ಕಾಲಲ್ಲಿ ಶಕ್ತಿ ಇರುತ್ತದೆ. ನಮ್ಮಲ್ಲಿ ಕಟ್ಟಡಕ್ಕೂ ನಮಗೂ ಒಟ್ಟಿಗೇ ವಯಸ್ಸಾಗುತ್ತಿದೆ. ಲಿಫ್ಟಿಗೆ ಖರ್ಚು ಬರುವ ಹೊತ್ತಿಗೇ ಆಸ್ಪತ್ರೆಯ ಖರ್ಚೂ ಬರುತ್ತದೆ.

ಇನ್ನು ಬೀಗ ಹಾಕಿದ 17 ಮನೆ. ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಮಕ್ಕಳು ಹೊರಗಿದ್ದಾರೆ. ಅವರಿಗೆ ಇನ್ನೂ 55 ಆಗಿಲ್ಲ, ಹಾಗಾಗಿ ನಿಯಮದ ಪ್ರಕಾರ ಇಲ್ಲಿ ಇರುವಂತಿಲ್ಲ. ಮಾರಬೇಕೆಂದರೂ 55 ದಾಟಿದವರಿಗೇ ಮಾರಬೇಕು. ವಂತಿಗೆ ಕೇಳಿದ್ದಕ್ಕೆ ನ್ಯೂಜೆರ್ಸಿಯಲ್ಲಿರುವ ಒಬ್ಬ ಮಗ ವಾಟ್ಸಾಪ್‌ನಲ್ಲಿ "ಫ್ಲ್ಯಾಟ್ ಮಾರೋಕೆ ಇಟ್ಟಿದ್ದೀನಿ ಅಂಕಲ್, ಕೊಂಡವರ ಹತ್ರ ತಗೊಳ್ಳಿ" ಅಂತ ಕಳಿಸಿದ.

ಕೊಳ್ಳುವವರೇ, ಆ "ಕೊಂಡವರು" ನೀವೇ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಕೆಳಗೆ ಬರುವ ಕಟ್ಟಡವಾದರೆ, ಮಾರಿದವನು ಉಳಿಸಿದ ಬಾಕಿಗೆ ಕೊಂಡವನೂ ಹೊಣೆ. ಬಾಕಿ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ತಗೊಂಡೆ, ಸಾಕು ಅಂದುಕೊಳ್ಳಬೇಡಿ. ಅದರಲ್ಲಿ ಇರುವುದು ಇವತ್ತಿನವರೆಗಿನ ಲೆಕ್ಕ. ಮೊನ್ನೆ ಸಭೆಯಲ್ಲಿ ಒಪ್ಪಿ, ಬರುವ ತಿಂಗಳಿಂದ ಕಟ್ಟಬೇಕಾದ ಕಂತು ಅದರಲ್ಲಿ ಕಾಣದೇ ಇರಬಹುದು. ಹಿಂದಿನ ಮೂರು ವರ್ಷದ ಸಭೆಯ ನಡಾವಳಿ ಪುಸ್ತಕ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಕಾರ್ಪಸ್ ಎಷ್ಟಿದೆ ಅಂತ ಬಾಯಿಮಾತಿನಲ್ಲಿ ಕೇಳಬೇಡಿ. ಎಫ್‌ಡಿ ರಸೀದಿ ನೋಡಿ, ಯಾರ ಹೆಸರಲ್ಲಿದೆ, ಹೋದ ವರ್ಷಕ್ಕಿಂತ ಏರಿದೆಯೋ ಇಳಿದಿದೆಯೋ ನೋಡಿ. ಇಳಿದಿದ್ದರೆ ಮೇಂಟೆನೆನ್ಸ್ ಯಾಕೆ ಕಡಿಮೆ ಅಂತ ನಿಮಗೇ ಗೊತ್ತಾಗುತ್ತದೆ.

ಹೊಸ ಕಟ್ಟಡವಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾನೂನು, ಇದೆ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷ ಬಿಲ್ಡರೇ ಸರಿಮಾಡಿಕೊಡಬೇಕು. ನಮ್ಮದು ಅದಕ್ಕೆ ಮುಂಚೆಯೇ ಮುಗಿದಿತ್ತು. ಆದರೆ ಬಳಸಿ ಬಳಸಿ ಸವೆದ ರೋಪಿಗೆ, ವಯಸ್ಸಾಗಿ ಸುಟ್ಟ ಮೋಟರಿಗೆ ರೇರಾ ಬರುವುದಿಲ್ಲ. ಊಟದ ಹಾಲಿನಲ್ಲಿ ಒಂದು ಮಧ್ಯಾಹ್ನ ಕೂತು ಬನ್ನಿ. ಕಮಿಟಿಯಲ್ಲಿ ಎಷ್ಟು ವರ್ಷದಿಂದ ಅದೇ ಮುಖಗಳಿವೆ, ಸಂಜೆ ಎಷ್ಟು ಕಿಟಕಿಯಲ್ಲಿ ದೀಪ ಹತ್ತುತ್ತದೆ, ಎಣಿಸಿ.

ನಮ್ಮಲ್ಲಿ ಮೊದಲ ಕಂತನ್ನು 71 ಮನೆಯವರು ಕಟ್ಟಿದರು. ಅದರಲ್ಲಿ ಬಿ ಬ್ಲಾಕಿನ ಲಿಫ್ಟ್ ಸರಿಯಾಯಿತು. ಅಷ್ಟರಲ್ಲಿ ಆ ಅಜ್ಜಿಯನ್ನು ಮಗಳು ಹಾಸನಕ್ಕೆ ಕರಕೊಂಡು ಹೋಗಿದ್ದಳು. ಇಂಜಿನಿಯರ್ ಯಜಮಾನರ ಹತ್ತಿರ ಹೋಗಿ ಆ ಪಟ್ಟಿಯ ಇನ್ನೊಂದು ಪ್ರತಿ ಇಸಕೊಂಡು ಬಂದೆ. ಅವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಅದರಲ್ಲಿ ಬಿ ಬ್ಲಾಕಿನ ಕೆಳಗಿನ ಸಾಲೇ ನಮ್ಮ ಎ ಬ್ಲಾಕಿನ ಲಿಫ್ಟ್. ಅದಕ್ಕೆ ಎರಡನೇ ಕಂತು ಬರಬೇಕು. ನಿನ್ನೆ ಸಂಜೆ ಅದು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಹತ್ತು ನಿಮಿಷ ನಿಂತಿತ್ತು.